ಬ್ಲೂಮೆನ್‌ಗಾರ್ಟಿನ ಮೂಲೆಯ ಜಾಗ

ದೇಶದಿಂದ ದೇಶಕ್ಕೆ ವಲಸೆ ಹೋಗುತ್ತಲೇ ಬಂದ ಆ ಜನ ಬೊಲಿವಿಯಾದಲ್ಲಿ ಕಾಡು ಕಡಿದು ಕಟ್ಟಿದ ಊರಿಗೂ ಬ್ಲೂಮೆನ್‌ಗಾರ್ಟ್ ಎಂದೇ ಹೆಸರಿಟ್ಟರು. ಆಗನೇತಾಳ ತಾಯಿ ಹುಟ್ಟಿದ್ದು ರಷ್ಯದ ಬ್ಲೂಮೆನ್‌ಗಾರ್ಟಿನಲ್ಲಿ, ಆಗನೇತಾ ಹುಟ್ಟಿದ್ದು ಕೆನಡಾದ ಬ್ಲೂಮೆನ್‌ಗಾರ್ಟಿನಲ್ಲಿ. ಮಗ ಇಸ್ಬ್ರಾಂಡ್‌ನನ್ನು ಮಣ್ಣು ಮಾಡಿದ್ದು ಮೆಕ್ಸಿಕೊದ ಬ್ಲೂಮೆನ್‌ಗಾರ್ಟಿನಲ್ಲಿ. ಹೆಸರಿನ ಜೊತೆ ಊರಿನ ಅಚ್ಚೂ ಬಂದಿತ್ತು: ಒಂದೇ ಬೀದಿ, ಅದೇ ನೆರೆಹೊರೆ, ಶಾಲೆಯ ಹಿಂದೆ ಬೇಲಿ ಹಾಕಿದ ಸ್ಮಶಾನ. ಮಗ ಮಾತ್ರ ಬಂದಿರಲಿಲ್ಲ.

ಅವರಲ್ಲಿ ಸಮಾಧಿಗೆ ಕಲ್ಲಿಲ್ಲ, ಹೆಸರಿಲ್ಲ. ಸತ್ತ ಸರದಿಯಲ್ಲೇ ಸಾಲು. ಮೆಕ್ಸಿಕೊದಲ್ಲಿ ಊರು ಕಟ್ಟಿದ ವರ್ಷವೇ ತೀರಿಹೋದ ಇಸ್ಬ್ರಾಂಡ್‌ನದು ಬೇಲಿಯ ಮೂಲೆಯ ಮೊದಲ ಜಾಗ. ಈಗ ಸಂಜೆ ಹಾಲು ಕರೆದ ಮೇಲೆ ಆಗನೇತಾ ಇಲ್ಲಿನ ಸ್ಮಶಾನದ ಅದೇ ಮೂಲೆಗೆ ಹೋಗಿ ನಿಲ್ಲುತ್ತಿದ್ದಳು. ಬರೀ ಹುಲ್ಲು. ಆದರೂ ನಿಲ್ಲಲು ಒಂದು ಜಾಗವಿತ್ತು.

ಮುದುಕ ದೀತ್ರಿಖ್ ಫೆರ್ ತೀರಿಕೊಂಡ. ಹೊಸ ಊರಿನ ಮೊದಲ ಸಾವು. ಸುದ್ದಿ ತಿಳಿದೊಡನೆ ಅವಳು ಊರ ಮುಖ್ಯಸ್ಥ ಬೆರ್ನ್‌ಹಾರ್ಟ್ ವಾಲ್‌ನ ಕೊಟ್ಟಿಗೆಗೆ ಹೋದಳು.

“ಆ ಮೂಲೆ ಒಂದು ಬಿಟ್ಬಿಡಪ್ಪ.”

“ಯಾರಿಗೆ ದೊಡ್ಡಮ್ಮ? ನಿಮಗಾ?”

“ನನ್ ಮಗನಿಗೆ.”

“ಅವನು ಮೆಕ್ಸಿಕೊದಲ್ಲಿದಾನಲ್ಲ! ನಿಮಗೆ ಬಿಟ್ರೆ ನಾಳೆ ಎಲ್ರೂ ಅಲ್ಲಿ ಬಿಟ್ಟುಬಂದೋರಿಗೆ ಇಲ್ಲಿ ಜಾಗ ಕೇಳ್ತಾರೆ. ಸರದಿ ಅಂದ್ರೆ ಸರದಿ.”

ಅವಳು ಮನೆಗೆ ನಡೆದಳು.

ಮರುದಿನ ಗುಣಿ ತೋಡುವವರಿಗೆ ಕಾಫಿ ಒಯ್ದಳು. ಜಾಗ ತೋರಿಸುವ ಹೊಣೆ ಅವಳ ತಮ್ಮ ಕೊರ್ನೆಲಿಯಸ್‌ನದು. ಮೆಕ್ಸಿಕೊದಲ್ಲೂ ಅದು ಅವನದೇ ಕೆಲಸ. ಮೂಲೆಯಲ್ಲಿ ಸನಿಕೆ ಊರಿದವನನ್ನು ಅವನು ಗದರಿದ:

“ಏಯ್, ಅಲ್ಲೆಲ್ಲೋ ಅಗೀತೀಯ? ಕಣ್ ಕಾಣ್ಸಲ್ವಾ? ಅಲ್ಲಿ ನಮ್ ಇಸ್ಬ್ರಾಂಡ್ ಇದಾನೆ. ಈಚೆ ಬಾ.”

ಅಗೆಯುವವನು ಈಚೆ ಬಂದ. ಯಾರಿಗೂ ಏನೂ ಅನ್ನಿಸಲಿಲ್ಲ. ಮೆಕ್ಸಿಕೊದಲ್ಲಿ ವರ್ಷಗಟ್ಟಲೆ ಎಲ್ಲರೂ ಆ ಮೂಲೆಯನ್ನು ತುಳಿಯದೆ ಸುತ್ತಿಕೊಂಡೇ ನಡೆದವರು. ಆಗನೇತಾ ಕಾಫಿ ಬಗ್ಗಿಸುತ್ತಲೇ ಇದ್ದಳು. ಗುಣಿ ಸೊಂಟದಷ್ಟು ಆಳವಾದಾಗ ಬೆರ್ನ್‌ಹಾರ್ಟ್ ಬಂದ.

“ಮೊದಲನೇ ಜಾಗ ಬಿಟ್ಟು ಇಲ್ಯಾಕೆ?”

ಕೊರ್ನೆಲಿಯಸ್ ಮೂಲೆಯತ್ತ ತಿರುಗಿದ. ಬೇಲಿಯ ಗೂಟಗಳು ಇನ್ನೂ ಹಸಿಯಾಗಿದ್ದವು. ಅವನ ಮುಖ ಇಳಿದುಹೋಯಿತು.

“ಅಯ್ಯೋ... ಇದು ಆ ಊರಲ್ಲ ಅಲ್ವಾ.”

“ಮುಚ್ಚಿ ಅಲ್ಲಿ ತೋಡ್ಲಾ?” ಗುಣಿಯೊಳಗಿನವನು ಕೇಳಿದ.

ಬೆರ್ನ್‌ಹಾರ್ಟ್ ಆಗನೇತಾಳನ್ನು ನೋಡಿದ, ಹುಲ್ಲನ್ನು ನೋಡಿದ. “ತೋಡಿದ್ದಾಯ್ತಲ್ಲ, ಮುಂದುವರ್ಸಿ. ಕಾಫಿ ಕೊಡಿ ದೊಡ್ಡಮ್ಮ.”

ಸಂಜೆ, ಎಲ್ಲರೂ ಹೋದ ಮೇಲೆ, ಅಕ್ಕ ತಮ್ಮ ಅಲ್ಲೇ ನಿಂತಿದ್ದರು. ಅಷ್ಟು ಜನ ನೆರೆದಿದ್ದರೂ ಮೂಲೆಯ ಹುಲ್ಲನ್ನು ಯಾರೂ ತುಳಿದಿರಲಿಲ್ಲ. ಆಗನೇತಾ ಬಾಗಿ ಅದರ ಮೇಲೆ ಕೈಯಾಡಿಸಿದಳು.

“ಮೆಕ್ಸಿಕೊದಲ್ಲಿ ಅವನ್ ಮೇಲಿರೋ ಹುಲ್ಲನ್ನ ಈಗ ಯಾರು ಕೊಯ್ತಾರೋ, ಕೊರ್ನೆಲಿಯಸ್?”