ಗಂಟಿನ ಕೆಳಗಿನ ಚಿಗುರು

ನಮ್ಮ ಮನೆಯಲ್ಲಿ ಬಿಸಿಲು ಬೀಳುವುದು ಒಂದೇ ಕಡೆ: ಬಾಲ್ಕನಿಯ ಎಡ ಮೂಲೆಯಲ್ಲಿ, ಬೆಳಿಗ್ಗೆ ಎಂಟೂಕಾಲಿನಿಂದ ಹನ್ನೆರಡೂವರೆಯ ತನಕ. ಏಳು ದಿನ ಅಳೆದು ಸರಾಸರಿ ತೆಗೆದ ಮೇಲೆ ಹೇಳುತ್ತಿದ್ದೇನೆ. ಅಮ್ಮ ಏನನ್ನೂ ಅಳೆಯದೆ ಹನ್ನೊಂದು ವರ್ಷದಿಂದ ಅಲ್ಲಿಯೇ ಹಗ್ಗ ಕಟ್ಟಿ ಬಿಳಿ ಸಮವಸ್ತ್ರ ಒಣಗಿಸುತ್ತಿದ್ದಳು. ಅವಳು ಆಸ್ಪತ್ರೆಯಲ್ಲಿ ನರ್ಸ್. ಇರುವುದು ಎರಡೇ ಜೊತೆ. ಒಂದು ಮೈಮೇಲಿದ್ದರೆ ಇನ್ನೊಂದು ಹಗ್ಗದ ಮೇಲೆ.

ಆ ಮೂಲೆ ನನಗೆ ಗುಲಾಬಿಗಾಗಿ ಬೇಕಿತ್ತು. ಬಾಯಿಮಾತಿನಲ್ಲಿ ನಂಬಿಕೆಯಿಲ್ಲದ ಕಾರಣ ಒಪ್ಪಂದವೊಂದನ್ನು ಬರೆದೆ: ‘ತೊಂಬತ್ತು ದಿನಗಳೊಳಗೆ ಗಿಡವು ಒಂದು ಹೂವನ್ನಾದರೂ ಬಿಟ್ಟರೆ ಮೂಲೆಯು ಶಾಶ್ವತವಾಗಿ ಗಿಡಕ್ಕೆ, ಬಿಡದಿದ್ದರೆ ಹಗ್ಗಕ್ಕೆ.’ ಅಮ್ಮ ಚಪ್ಪಲಿ ಮೆಟ್ಟುತ್ತಲೇ ಸಹಿ ಹಾಕಿದಳು. ಸಾಕ್ಷಿ ಹಾಕಿದ್ದು ನಮ್ಮೊಂದಿಗೇ ಇರುವ ಅಪ್ಪನ ಅಕ್ಕ, ಅಂದರೆ ನನ್ನ ಅತ್ತೆ.

“ಹೂ ಬಿಡುತ್ತೋ ಇಲ್ಲವೋ, ಇವಳಂತೂ ನಮ್ಮನ್ನ ಬಿಡಲ್ಲ,” ಎಂದಳು ಅತ್ತೆ.

ತಳ್ಳುಗಾಡಿಯಲ್ಲಿ ಸಸಿ ಮಾರುವವನು ಕೆಂಪು ಗುಲಾಬಿಯ ಕುಂಡ ಕೊಡುತ್ತ, ಬುಡದ ಉಬ್ಬನ್ನು ಹೆಬ್ಬೆರಳಿನಿಂದ ಒತ್ತಿ ತೋರಿಸಿದ. “ಇದು ಕಸಿ ಕಟ್ಟಿದ ಗಂಟು ಕಣಮ್ಮಾ. ಇದರ ಕೆಳಗೆ ಚಿಗುರು ಬಂದ್ರೆ ಮಾತ್ರ ಬಿಡಬೇಡಿ.”

ಅವನ ಮಾತನ್ನು ಅಲ್ಲೇ ನನ್ನ ಪುಸ್ತಕದಲ್ಲಿ ಬರೆದುಕೊಂಡು ಕೆಂಪು ಗೆರೆ ಎಳೆದೆ: ‘ಗಂಟಿನ ಕೆಳಗಿನ ಚಿಗುರು: ಬಿಡಬಾರದು. ಅಂದರೆ ಕಾಪಾಡಿಕೊಳ್ಳಬೇಕು.’

ಮೊದಲ ತಿಂಗಳು ಸಲಹೆಗಳ ಕಾಟ. ಅತ್ತೆ ಚಹಾದ ಚರಟ ಹಾಕೆಂದಳು. ಅದರಲ್ಲಿ ಸಕ್ಕರೆಯ ಅಂಶ ಎಷ್ಟೆಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇರುವೆಗಳು ಕುಂಡದಿಂದ ಅಡುಗೆಮನೆಯ ಡಬ್ಬಿಯವರೆಗೆ, ರೇಖಾಗಣಿತಕ್ಕೆ ಮಾದರಿಯಾಗುವಂಥ ಸರಳರೇಖೆ ಎಳೆದವು. ಕೆಳಮನೆಯ ಕ್ಷೌರಿಕ ಗೊಬ್ಬರಕ್ಕೆಂದು ಕೂದಲು ಕಟ್ಟಿಕೊಟ್ಟ. ಗಾಳಿ ಬೀಸಿದಾಗ ಅದು ಅವನ ಗಿರಾಕಿಗಳ ತಲೆಯ ಮೇಲೆಯೇ ಮರಳಿ ಬಿತ್ತು. ಎಲೆಗಳಿಗೆ ಹತ್ತಿದ ಸಸ್ಯಹೇನು ಓಡಿಸಲು ಸಾಬೂನಿನ ನೀರು ಚಿಮುಕಿಸಿದೆ. ಹೇನುಗಳು ಸ್ನಾನ ಮಾಡಿ ಉಲ್ಲಾಸಗೊಂಡವು, ಎಲೆಗಳು ಸುಟ್ಟವು.

ಆಗ ಸಲಹೆಗಳನ್ನು ಬದಿಗಿಟ್ಟು ಅಂಕಿ ಅಂಶಗಳನ್ನೇ ನಂಬಿದೆ. ಪ್ರತಿ ಕೊಂಬೆಗೂ ಬಣ್ಣದ ದಾರ ಕಟ್ಟಿ, ದಿನಾ ಬೆಳಿಗ್ಗೆ ಅಳತೆ ತೆಗೆದೆ. ಗಂಟಿನ ಮೇಲಿನ ಕೊಂಬೆ ವಾರಕ್ಕೆ ಎರಡು ಮಿಲಿಮೀಟರ್. ಕೆಳಗಿನ ಚಿಗುರುಗಳು ತಲಾ ನಲವತ್ತೊಂದು ಮಿಲಿಮೀಟರ್. ಕೆಲಸ ಮಾಡದವರಿಗೆ ಅನ್ನ ಹಾಕುವುದು ಎಷ್ಟು ದಿನ? ನಲವತ್ತನೆಯ ದಿನ, ಗಿಡದ ಹಿತದೃಷ್ಟಿಯಿಂದ, ಮೇಲಿನ ಕೊಂಬೆಯನ್ನು ಕತ್ತರಿಸಿ ಹಾಕಿದೆ.

ಅಲ್ಲಿಂದ ಮುಂದೆ ಗಿಡ ಹಿಂತಿರುಗಿ ನೋಡಲಿಲ್ಲ. ಸರಳುಗಳನ್ನು ಹಿಡಿದು ಏರಿ, ಪಕ್ಕದ ಮನೆಯವರ ಕಿಟಕಿಗೂ ಕೈ ಹಾಕಿತು. ಮುಳ್ಳಿನ ಸಾಂದ್ರತೆ ಚದರ ಸೆಂಟಿಮೀಟರಿಗೆ ಮೂರು.

ಇತ್ತ ಸಮವಸ್ತ್ರ ಒಳಕೋಣೆಯ ಫ್ಯಾನಿನ ಕೆಳಗೆ ಒಣಗುತ್ತಿತ್ತು; ಒಣಗುತ್ತಿತ್ತು ಎನ್ನುವುದು ಉಪಚಾರದ ಮಾತು. ಅಮ್ಮ ಅರ್ಧ ಹಸಿಯಾದುದನ್ನೇ ಇಸ್ತ್ರಿ ಮಾಡಿ, ಪೌಡರು ಸುರಿದು ತೊಟ್ಟು ಹೊರಡುತ್ತಿದ್ದಳು. ಆಸ್ಪತ್ರೆಯ ಹಿರಿಯ ನರ್ಸ್ “ಬರ್ತಾ ಎಲ್ಲಾದ್ರೂ ಬಾವಿಗೆ ಬಿದ್ಯಾ?” ಎಂದು ಎಲ್ಲರೆದುರು ಕೇಳಿದರಂತೆ. ನನಗೆ ಹೇಳಿದ್ದು ಅತ್ತೆ, ಅಮ್ಮ ಹೇಳಲಿಲ್ಲ.

ತೊಂಬತ್ತನೆಯ ದಿನ ಬೆಳಿಗ್ಗೆ ಪೊದೆಯ ತುದಿಯಲ್ಲಿ ಅಂಗಿಯ ಗುಂಡಿಯಷ್ಟು ದೊಡ್ಡ, ಮಾಸಲು ಬಿಳಿಯ, ಐದೆಸಳಿನ ಹೂವೊಂದು ಬಿಟ್ಟಿತ್ತು. ಕೆಳಗೆ ತಳ್ಳುಗಾಡಿಯವನ ಕೂಗು ಕೇಳಿ ಅತ್ತೆ ಅವನನ್ನು ಮೇಲಕ್ಕೆ ಕರೆದಳು.

ಅವನು ಗಿಡ ನೋಡಿದ. ಬಗ್ಗಿ ಬುಡ ನೋಡಿದ. ಕೊನೆಗೆ ನನ್ನನ್ನು ನೋಡಿದ. “ಗುಲಾಬಿ ಎಲ್ಲಮ್ಮಾ?”

“ಇದೇ.”

“ಇದು ಬೇಲಿಗೆ ಹಾಕೋ ಕಾಡುಗಿಡ! ಬೇರು ಇದರದು, ಗುಲಾಬಿ ಗಂಟಿನ ಮೇಲೆ ಕಟ್ಟಿದ್ದು. ಕೆಳಗಿಂದ ಬರೋರೆಲ್ಲ ಗಂಟುಕಳ್ಳರು, ಮೇಲಿನವರಿಗೆ ಒಂದು ಹನಿ ನೀರೂ ಬಿಡಲ್ಲ. ಅದಕ್ಕೇ ತಾನೆ ಬಿಡಬೇಡಿ ಅಂದದ್ದು?”

“ಬಿಡಲಿಲ್ಲವಲ್ಲ. ಒಂದನ್ನೂ ಬಿಡದೆ ಕಾಪಾಡಿದೆ.”

“ಅಯ್ಯೋ, ಬಿಡಬೇಡಿ ಅಂದ್ರೆ ಉಳಿಸಬೇಡಿ ಅಂತಮ್ಮಾ! ಕಿತ್ತು ಹಾಕಿ ಅಂತ!”

ಅತ್ತೆ ನಕ್ಕ ರಭಸಕ್ಕೆ ಕನ್ನಡಕ ಜಾರಿತು. “ಕಳ್ಳನಿಗೆ ಹಾಲು, ಮನೆಯೊಡತಿಗೆ ಕತ್ತರಿ! ಅದೂ ಸ್ಕೇಲ್ ಹಿಡಿದು!”

ಅಮ್ಮ ಕೆಲಸಕ್ಕೆ ಹೊರಡುವ ಆತುರದಲ್ಲಿದ್ದಳು. ಗೋಡೆಗೆ ಅಂಟಿಸಿದ್ದ ಒಪ್ಪಂದವನ್ನು ಆ ಆತುರದಲ್ಲೂ ಎರಡು ಸಲ ಓದಿದಳು. “ಒಂದು ಹೂವನ್ನಾದರೂ ಅಂತ ಬರೆದಿದ್ದೀಯ. ಬಣ್ಣ ಹೇಳಿಲ್ಲ, ಅಳತೆ ಹೇಳಿಲ್ಲ. ಇದೂ ಹೂವೇ. ಗೆದ್ದೆ ಬಿಡು.”

ಅವಳ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ನಾನು ವಾದಿಸುತ್ತಿದ್ದೆ. ಅವಳು ಇಸ್ತ್ರಿಪೆಟ್ಟಿಗೆಯನ್ನು ಹಸಿ ಕಾಲರಿನ ಮೇಲಿಟ್ಟಳು. ಆವಿಯ ಜೊತೆ ಮುಗ್ಗಲು ವಾಸನೆ ಎದ್ದಿತು. ನಾನು ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಇಂಥ ವಾಸನೆಯ ನೀರು ಬಂದರೆ ‘ಬಳಕೆಗೆ ಯೋಗ್ಯವಲ್ಲ’ ಎಂದು ಮುದ್ರೆ ಒತ್ತುತ್ತೇನೆ. ತೊಂಬತ್ತು ದಿನ ಅದು ಮನೆಯೊಳಗೇ ಇತ್ತು. ನನ್ನ ಪುಸ್ತಕದಲ್ಲಿ ಅದಕ್ಕೊಂದು ಅಂಕಣವಿರಲಿಲ್ಲ.

“ಹೂವಿನ ವ್ಯಾಖ್ಯೆ ಅಪೂರ್ಣ. ಒಪ್ಪಂದ ಅಸಿಂಧು,” ಎಂದು ಹಾಳೆಯನ್ನು ಹರಿದೆ.

ತಳ್ಳುಗಾಡಿಯವನು ಸರಳುಗಳಿಗೆ ಸುತ್ತಿಕೊಂಡದ್ದನ್ನೆಲ್ಲ ಕತ್ತರಿಸಿ, ನಾನು ಕೊಟ್ಟ ಕುಂಡವನ್ನು ಸಂತೋಷದಿಂದ ಎತ್ತಿಕೊಂಡ. “ಇಂಥ ಗಟ್ಟಿ ಬೇರನ್ನ ನಾನೂ ಬೆಳೆಸಿಲ್ಲ ಕಣಮ್ಮಾ. ಕಸಿ ಕಟ್ಟೋಕೆ ಹೇಳಿ ಮಾಡಿಸಿದ ಹಾಗಿದೆ. ಇನ್ನೂ ನಾಲ್ಕು ಬೆಳೆಸಿಕೊಡ್ತೀರಾ?” ಅವನು ತಮಾಷೆ ಮಾಡುತ್ತಿರಲಿಲ್ಲ.

ಬಿಸಿಲು ಮೂಲೆಗೆ ಆಗಲೇ ಬಂದಿತ್ತು. ನಾನು ಹಗ್ಗದ ಒಂದು ತುದಿ ಹಿಡಿದೆ. ಇಸ್ತ್ರಿ ಅರ್ಧಕ್ಕೇ ನಿಲ್ಲಿಸಿ ಬಂದ ಅಮ್ಮ ಇನ್ನೊಂದು ತುದಿಯನ್ನು ಕೊಂಡಿಗೆ ಬಿಗಿಯತೊಡಗಿದಳು.

“ಎಳೀತಿದ್ದೀನಿ. ಬಿಡಬೇಡ!” ಎಂದಳು.

ಈ ಬಾರಿ ಎಡವಲು ನಾನು ಸಿದ್ಧಳಿರಲಿಲ್ಲ. “ಬಿಡಬೇಡ ಅಂದ್ರೆ ಹಿಡ್ಕೊಳ್ಳೋದಾ, ಕಿತ್ತು ಹಾಕೋದಾ? ಸರಿಯಾಗಿ ಹೇಳಮ್ಮಾ.”