ಅಕ್ಕಯ್ಯಮ್ಮನ ಸೊಸೆಗೆ ಎರಡು ಹೆಸರು

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮಾತಾಡಬೇಕೆಂದರೆ ಮಗ್ಗದ ಸದ್ದಿಗಿಂತ ಜೋರಾಗಿ ಕೂಗಬೇಕು. ಇದೇ ತೊಂಬತ್ತಮೂರನೇ ಇಸವಿಯಲ್ಲಿ ಪಕ್ಕದ ಮನೆ ಅಕ್ಕಯ್ಯಮ್ಮನವರ ಬಾಗಿಲಿಗೆ ಬಂದ ಪೊಲೀಸ್ ಪೇದೆಯೂ ಕೂಗಿಯೇ ಕೇಳಿದ.

"ಸೆಲ್ವರಾಣಿ ಅನ್ನೋರು ಇದಾರಾ? ಮಲೇಷಿಯಾದೋರು?"

"ಯಾವ ರಾಣೀನೂ ಇಲ್ಲ ಕಣಪ್ಪಾ. ಇದು ನೇಯೋರ ಮನೆ. ಮಲೇಷಿಯಾದೋರಿಗೆ ಇಲ್ಲೇನು ಕೆಲಸ?" ಎಂದು ಅಕ್ಕಯ್ಯಮ್ಮ ಅವನನ್ನು ಸಾಗಹಾಕಿದರು.

ಅನ್ನ ಬಸಿಯುತ್ತಿದ್ದ ಸೊಸೆ ಅರುಣಾ ಓಡಿ ಬರುವಷ್ಟರಲ್ಲಿ ಪೇದೆ ಸೈಕಲ್ ಹತ್ತಿ ಹೋಗಿಯಾಗಿತ್ತು.

"ಅಯ್ಯೋ ಅತ್ತೆ, ಸೆಲ್ವರಾಣಿ ನಾನೇ ಅಲ್ವಾ!"

ಹೌದಲ್ಲ! ಅಕ್ಕಯ್ಯಮ್ಮ ಸುಳ್ಳು ಹೇಳಿರಲಿಲ್ಲ, ನಿಜಕ್ಕೂ ಮರೆತಿದ್ದರು. ಆ ಮನೆಗೆ ಬರುವ ಸೊಸೆಗೆ ಮದುವೆಯ ದಿನ ಹೊಸ ಹೆಸರಿಡುವುದು ವಾಡಿಕೆ. ತಟ್ಟೆಯ ಅಕ್ಕಿಯಲ್ಲಿ ಗಂಡ ಆ ಹೆಸರು ಬರೆದ ಮೇಲೆ ಹಳೆಯದನ್ನು ಯಾರೂ ಬಾಯಿಗೆ ತರುವಂತಿಲ್ಲ. ಅರುಣಾಳ ತಾತ ಸೇಲಂ ಕಡೆಯ ಕನ್ನಡ ಮಾತಾಡುವ ನೇಕಾರರು. ಸೀರೆ ವ್ಯಾಪಾರಕ್ಕೆಂದು ಮಲೇಷಿಯಾದ ಪಿನಾಂಗಿಗೆ ಹೋಗಿ ಅಲ್ಲೇ ನಿಂತವರು. ಅವಳು ಹುಟ್ಟಿದ್ದು ಅಲ್ಲಿ, ಮನೆಮಾತು ಮಾತ್ರ ಕನ್ನಡ. ಅವಳು ಹೊರದೇಶದವಳು ಅನ್ನುವುದು ಪಕ್ಕದಲ್ಲೇ ಇದ್ದ ನನಗೂ ಹೊಳೆದಿರಲಿಲ್ಲ.

"ನಮ್ಮ ಕುಲದೋಳು, ನಮ್ಮ ಮಾತಾಡ್ತಾಳೆ, ರೇಷನ್ ಕಾರ್ಡಲ್ಲಿ ಹೆಸರೈತೆ. ಇವಳು ಹೆಂಗೆ ಪರದೇಶದೋಳಾಗ್ತಾಳೆ?" ಎಂದರು ಅಕ್ಕಯ್ಯಮ್ಮ.

ಮಗ ರಾಜೇಂದ್ರ ಮಗ್ಗ ನಿಲ್ಲಿಸಿ ಬಂದ. "ತಾಳಿ ಕಟ್ಟಿದ ಮೇಲೆ ನಮ್ಮ ದೇಶದೋಳೇ ಅಲ್ವಾ? ತಮಿಳುನಾಡಿನ ಮಧುರೈ ಹುಡುಗಿ ಸೊಸೆಯಾಗಿ ಬಂದ್ರೆ ಯಾರಾದ್ರೂ ಕೇಳ್ತಾರಾ?"

ಯಾರಿಗೂ ತಲೆಬುಡ ತಿಳಿಯಲಿಲ್ಲ. ಬೀದಿಯ ಕೊನೆಯ ಮನೆಯ ವಕೀಲ ವೇಣುಗೋಪಾಲ್ ಹತ್ತಿರ ಎಲ್ಲರೂ ಹೋದೆವು.

"ಎಂಥಾ ಕೆಲಸ ಮಾಡಿದ್ರಿ ಅಕ್ಕಯ್ಯಮ್ಮಾ! ಅರುಣಾ ಈಗ್ಲೂ ಮಲೇಷಿಯಾ ಪ್ರಜೆ. ಇಲ್ಲಿರೋಕೆ ಕೊಟ್ಟ ಅನುಮತಿಗೆ ಗಡುವಿದೆ. ಅದನ್ನ ವಿಚಾರಿಸೋಕೇ ಪೇದೆ ಬಂದಿದ್ದು. 'ಆ ವಿಳಾಸದಲ್ಲಿ ಅಂಥೋರಿಲ್ಲ' ಅಂತ ಪೇದೆ ವರದಿ ಕೊಟ್ರೆ, ತಲೆಮರೆಸ್ಕೊಂಡಿದಾಳೆ ಅಂದ್ಕೋತಾರೆ. ದೇಶ ಬಿಡು ಅಂದ್ರೂ ಅನ್ನಬಹುದು."

ಅರುಣಾ ತನ್ನ ಮಗಳು ಸ್ನೇಹಳನ್ನು ಅವಚಿಕೊಂಡು ಅತ್ತೇಬಿಟ್ಟಳು. "ನಾನು ಹೋದ್ರೆ ಇವಳ ಗತಿ?"

ಅಕ್ಕಯ್ಯಮ್ಮ ಗಾಬರಿಯಾದರು. "ಪಾಸ್‌ಪೋರ್ಟ್ ಐತಲ್ಲಪ್ಪಾ?"

"ಅದು ಅವರ ದೇಶದ್ದು."

"ವೀಸಾ?"

"ಅದು ಬರೋಕೆ. ಇರೋಕೆ ಅನುಮತಿ ಬೇರೆ. ಅದನ್ನ ಜಿಲ್ಲಾ ಪೊಲೀಸ್ ಆಫೀಸಲ್ಲಿ ಮುಂದುವರಿಸ್ಕೋಬೇಕು."

"ಕೊನೇತಂಕ ಇರೋಕೆ?"

"ಅದಕ್ಕೆ ಪೌರತ್ವ. ಡಿ.ಸಿ. ಆಫೀಸಲ್ಲಿ ಅರ್ಜಿ. ನಮ್ಮ ದೇಶದೋರನ್ನ ಮದುವೆಯಾಗಿ ಇಲ್ಲೇ ಐದು ವರ್ಷ ಇದ್ದ ಹೆಣ್ಮಕ್ಕಳು ಹಾಕಬಹುದು. ಅರುಣಾಗೆ ಐದು ವರ್ಷ ತುಂಬಿದೆ."

"ಒಬ್ಬ ಸೊಸೆಗೆ ಇಷ್ಟೊಂದಾ! ನನ್ನ ತಲೆ ಗಿರ್ ಅಂತೈತೆ."

"ಮೊದಲು ಆಗಿರೋ ಎಡವಟ್ಟು ಸರಿ ಮಾಡೋಣ. ಎರಡು ಹೆಸರೂ ಒಬ್ಬಳದ್ದೇ ಅಂತ ಅಫಿಡವಿಟ್ ಮಾಡಿಸ್ತೀನಿ. ನೀವೂ ಬಂದು ಹೇಳ್ಬೇಕು. ಇಲ್ಲ ಅಂದೋರು ನೀವೇ."

"ಹಳೇ ಹೆಸರು ನಾನು ಎತ್ತಲ್ಲ. ಮನೆಗೆ ಒಳ್ಳೇದಲ್ಲ."

"ಸೊಸೇನೇ ಮನೇಲಿಲ್ದೆ ಹೋದ್ರೆ ಒಳ್ಳೇದಾ ಅಮ್ಮ?" ಎಂದ ರಾಜೇಂದ್ರ.

ಮಾರನೆಯ ದಿನ ಎಲ್ಲರೂ ರೈಲಿನಲ್ಲಿ ಬೆಂಗಳೂರಿನ ಜಿಲ್ಲಾ ಪೊಲೀಸ್ ಆಫೀಸಿಗೆ ಹೋದೆವು. ಅಧಿಕಾರಿ ಅರುಣಾಳನ್ನು ನೋಡಿ, "ಈಯಮ್ಮ ಯಾರು?" ಎಂದು ಕೇಳಿದರು. ವಕೀಲರು ಬಾಯಿ ತೆರೆಯುವ ಮೊದಲೇ ಅಕ್ಕಯ್ಯಮ್ಮ ಸೊಸೆಯ ಕೈ ಹಿಡಿದು ಎದ್ದುನಿಂತರು.

"ಇವಳೇ ಸ್ವಾಮಿ ಸೆಲ್ವರಾಣಿ. ನನ್ನ ಸೊಸೆ. ಇಲ್ಲ ಅಂದೋಳು ನಾನು. ಬೈಯೋದಾದ್ರೆ ನನ್ನ ಬೈರಿ, ಇವಳನ್ನ ಕಳಿಸ್ಬೇಡಿ."

ಅಧಿಕಾರಿ ಚೆನ್ನಾಗಿಯೇ ಬೈದರು. ಆಮೇಲೆ ಅರ್ಜಿ ತೆಗೆದುಕೊಂಡರು. ಸದ್ಯಕ್ಕೆ ಇರುವ ಅನುಮತಿ ಮುಂದುವರಿಯಿತು. ಪೌರತ್ವದ ಅರ್ಜಿಯನ್ನೂ ಹಾಕಿದ್ದಾರೆ. ಉತ್ತರ ಬರಲು ಕಾಲ ಹಿಡಿಯುತ್ತದೆ. ಅಲ್ಲಿಯವರೆಗೆ ಗಡುವು ತಪ್ಪಿಸುವಂತಿಲ್ಲ. ಈಗ ಅದನ್ನು ಎಲ್ಲರಿಗಿಂತ ಮೊದಲು ನೆನಪಿಸುವವರು ಅಕ್ಕಯ್ಯಮ್ಮನೇ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಗೂ ಹೊರದೇಶದಿಂದ ಸೊಸೆ ಬಂದಿದ್ದಾಳೆಯೇ? ತಾಳಿ ಇದೆ, ರೇಷನ್ ಕಾರ್ಡಿದೆ ಎಂದು ಸುಮ್ಮನೆ ಕೂರಬೇಡಿ. ಪಾಸ್‌ಪೋರ್ಟಿನಲ್ಲಿ ಅವಳ ಹೆಸರೇನು, ಅನುಮತಿ ಎಲ್ಲಿಯವರೆಗಿದೆ, ಇವತ್ತೇ ಕೇಳಿ. ಅರ್ಥವಾಗದಿದ್ದರೆ ತಿಳಿದವರ ಬಳಿ ಹೋಗಿ, ನಾಚಿಕೆ ಬೇಡ. ಗಡುವು ಮುಗಿದರೆ ದೇಶ ಬಿಡಬೇಕಾದವಳು ಅವಳು. ತಾಯಿಯಿಲ್ಲದೆ ಉಳಿಯುವುದು ನಿಮ್ಮ ಮೊಮ್ಮಗು.