ಹೆಂಚಿನ ಮೇಲಿನ ಟೊಂಗೆ

"ಗಿಡಾ ಹತ್ತೂರು ಯಾರು?" ಎಂದು ಗುರುಪುತ್ರಪ್ಪ ಮಾಸ್ತರರು ಕೇಳಿದ್ದು ಮುರಿದ ಟೊಂಗೆ ಇಳಿಸಲು ಬಂದಿದ್ದ ಸಿದರಾಯನನ್ನು. ಆದರೆ ಸೊಂಟಕ್ಕೆ ಬೆಲ್ಟು ಬಿಗಿದುಕೊಳ್ಳುತ್ತಿದ್ದವಳು ಅವನ ಹೆಂಡತಿ ರೇಣವ್ವ.

"ನಾನ ರೀ," ಎಂದಳು.

ಮಾಸ್ತರರು ಕೊಡೆಯನ್ನು ಹಿಂದಕ್ಕೆ ವಾಲಿಸಿ ಅವಳನ್ನು ಹೆಲ್ಮೆಟ್ಟಿನಿಂದ ಪಾದದವರೆಗೆ ನೋಡಿದರು. ಚೂಡಿದಾರದ ಮೇಲೆ ಗಂಡನ ತುಂಬುತೋಳಿನ ಅಂಗಿ, ಕಾಲಿಗೆ ಕ್ಯಾನ್ವಾಸ್ ಬೂಟು. "ಹೆಣ್ಣಮಗಳು ಮ್ಯಾಲ ಹತ್ತೂದು, ಗಂಡಸು ಕೆಳಗ ನಿಂದರೂದು. ಇದ್ಯಾವ ಪದ್ಧತಿ ತಂಗಿ?"

ರೇಣವ್ವ ಮರದ ಕಡೆ ನಡೆದಳು. ಹಿಂದವಾಡಿಯ ಮಾಸ್ತರರ ಮನೆಯ ಹಿತ್ತಲಿನಲ್ಲಿ ನಲವತ್ತು ವರ್ಷದ ನೇರಳೆ. ಆಷಾಢದ ಗಾಳಿಗೆ ಅದರ ದೊಡ್ಡ ಟೊಂಗೆಯೊಂದು ಬುಡದಲ್ಲಿ ಸೀಳಿ, ಸಣ್ಣ ಕೊಂಬೆಗಳ ಮೇಲೆ ಆತು, ಬಾಜೂ ಮನೆಯ ಹೆಂಚಿನ ನೆತ್ತಿಗೆ ತೂಗುತ್ತಿತ್ತು. ಆ ಮನೆಯವರು ಹೆದರಿ ಬಾಣಂತಿಯನ್ನೂ ಕೂಸನ್ನೂ ಮುಂದಿನ ಕೋಣೆಗೆ ಸಾಗಿಸಿದ್ದರು.

"ಟೊಂಗಿ ಒಂದ ಅಲ್ಲ, ಬುಡಕ್ಕ ಕಡದ ಬಿಡ್ರಿ," ಎಂದರು ಮಾಸ್ತರರು. "ಗಿಡ ಹಳೇದಾತು. ಇವತ್ತ ಟೊಂಗಿ, ನಾಳೆ ಪೂರಾ ಗಿಡಾನ ಬೀಳತೈತಿ."

ಹಿತ್ತಲ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಸಂಗವ್ವ ಬೇಡವೆಂಬಂತೆ ತಲೆಯಾಡಿಸಿದರು. ರೇಣವ್ವ ಕಟ್ಟಿಗೆಯ ಸುತ್ತಿಗೆಯಿಂದ ಕಾಂಡಕ್ಕೆ ಸುತ್ತಲೂ ಬಡಿಯುತ್ತ, ಪ್ರತಿ ಪೆಟ್ಟಿಗೂ ಕಿವಿಯಿಟ್ಟು ಕೇಳಿದಳು. ಎಲ್ಲೂ ಪೊಳ್ಳು ದನಿ ಬರಲಿಲ್ಲ. ಬೇರಿನ ಸುತ್ತಲ ಮಣ್ಣೂ ಬಿರಿದಿರಲಿಲ್ಲ.

"ಗಿಡ ಗಟ್ಟಿ ಐತ್ರಿ ಸರ್. ಟೊಂಗಿ ಮುರಿಯೂದು ನೇರಲ ಗಿಡದ ಗುಣ. ಟೊಂಗಿ ನಾ ಇಳಸತೀನಿ. ಬಾಜೂ ಮನಿದು ಒಂದ ಹೆಂಚ ಒಡೀತಂದ್ರ, ಗಿಡಾ ಕಡೀರಿ, ನಾ ಮಾತಾಡಂಗಿಲ್ಲ."

ಮಾಸ್ತರರು ಹೆಂಡತಿಯ ಮುಖ ನೋಡಿದರು. "ನೋಡೂಣು," ಎಂದರು.

ಖಾನಾಪುರದ ಕಾಡಂಚಿನ ಕುರುಬರ ಮನೆಯಲ್ಲಿ ಹುಟ್ಟಿದ ರೇಣವ್ವ ಹತ್ತು ವರ್ಷದವಳಿದ್ದಾಗಲೇ ಆಡುಗಳಿಗೆ ಸೊಪ್ಪು ಕಡಿಯಲು ಮರ ಏರಿದವಳು. ಮದುವೆಯಾದ ಮೇಲೆ ಏರುವುದು ಗಂಡನ ಪಾಲಾಯಿತು, ಹಗ್ಗ ಹಿಡಿಯುವುದು ಇವಳ ಪಾಲು. ಹೋದ ವರ್ಷ ಸಿದರಾಯ ಸಿಲ್ವರ್ ಓಕ್ ಮರದಿಂದ ಜಾರಿದಾಗ ಹಗ್ಗ ಇವಳ ಕೈಯಲ್ಲಿತ್ತು. ಅಂಗೈಯ ಚರ್ಮ ಸುಲಿದುಹೋದರೂ ಅವಳು ಬಿಟ್ಟಿರಲಿಲ್ಲ. ಗಂಡ ಉಳಿದ, ಅವನ ಬಲಭುಜದ ಶಕ್ತಿ ಮಾತ್ರ ಹೋಯಿತು. ಆಮೇಲೆ ಇವಳೇ ಏರತೊಡಗಿದಳು. ಆದರೆ ದೊಡ್ಡ ಟೊಂಗೆಯ ಕೆಲಸಕ್ಕೆ ಹೋದ ಮೂರು ಮನೆಗಳಲ್ಲೂ ಏರುವವಳು ಇವಳೆಂದು ತಿಳಿದ ಕೂಡಲೇ ಗೇಟಿನಿಂದಲೇ ತಿರುಗಿ ಕಳಿಸಿದ್ದರು.

ಮಳೆ ನಿಂತಿತ್ತು, ತೊಗಟೆ ಮಾತ್ರ ಸಾಬೂನು ಸವರಿದಂತಿತ್ತು. ಮೊದಲ ಕವಲಿಗೆ ಬಂದಾಗ ಬೂಟು ಜಾರಿತು. ಕೆಳಗಿನಿಂದ ಸಿದರಾಯ ಮೆಲ್ಲಗೆ ಅಂದ, "ರೇಣಾ, ಅವಸರಿಲ್ಲ." ಅವಳು ಕಣ್ಣುಮುಚ್ಚಿ ಎರಡು ಉಸಿರು ಎಳೆದುಕೊಂಡು ಮುಂದೆ ಏರಿದಳು.

ಮೇಲಿನ ಗಟ್ಟಿ ಕವಲಿನಲ್ಲಿ ದಪ್ಪ ಹಗ್ಗ ಹಾಯಿಸಿ, ಮುರಿದ ಟೊಂಗೆಗೆ ಬಿಗಿದಳು. ಹಗ್ಗದ ಇನ್ನೊಂದು ತುದಿಯನ್ನು ಸಿದರಾಯ ಕಾಂಡಕ್ಕೆ ನಾಲ್ಕು ಸುತ್ತು ಹಾಕಿ ಎಡಗೈಯಲ್ಲಿ ಹಿಡಿದ. ಟೊಂಗೆಯನ್ನು ಹೆಂಚಿನಿಂದ ಆಚೆಗೆ ಎಳೆಯಲು ಮತ್ತೊಂದು ಹಗ್ಗವನ್ನು ಹಿತ್ತಲ ಗೇಟಿನ ಕಂಬಕ್ಕೆ ಕಟ್ಟಿದ್ದರು. ರೇಣವ್ವ ಮೊದಲು ಅಡಿಯಿಂದ ಕೊಯ್ದಳು, ಆಮೇಲೆ ಮೇಲಿನಿಂದ. ಗರಗಸಕ್ಕೆ ನೇರಳೆಯ ಕೆಂಪು ಹಿಟ್ಟು ಮೆತ್ತಿಕೊಂಡಿತು. ಟೊಂಗೆ ಲಟ್ಟೆಂದು ಕಳಚಿ ಹಗ್ಗದಲ್ಲಿ ನೇತಾಡಿತು.

ಅದೇ ಗಳಿಗೆಗೆ ಗಾಳಿ ಎದ್ದಿತು. ಕಂಬದ ಗಂಟು ಜಾರಿತು. ಟೊಂಗೆ ಗಿರ್ರನೆ ತಿರುಗಿ ಹೆಂಚಿನ ಕಡೆ ಹೊರಟಿತು. ಸಿದರಾಯ ತನ್ನ ಹಗ್ಗ ಬಿಡುವಂತಿರಲಿಲ್ಲ.

"ಏ ಮಾಸ್ತರಾ! ಛತ್ರಿ ಒಗಿ! ಹಗ್ಗಾ ಹಿಡಿ!" ಎಂದು ರೇಣವ್ವ ಮೇಲಿನಿಂದ ಕಿರುಚಿದಳು. "ಜಗ್ಗು! ಕುಂದುರು, ಕುಂತ ಜಗ್ಗು!"

ಮೂವತ್ತೈದು ವರ್ಷ ಸಾಲಿಯನ್ನೇ ನಡುಗಿಸಿದ್ದ ಮನುಷ್ಯ ಕೊಡೆ ಎಸೆದರು. ಹಗ್ಗಕ್ಕೆ ಜೋತುಬಿದ್ದು, ಬಿಳಿ ಧೋತರದ ಸಮೇತ ಕೆಸರಿನಲ್ಲಿ ಕುಕ್ಕರಿಸಿ ಜಗ್ಗಿದರು. ಎಲೆಗಳ ತುದಿ ಹೆಂಚನ್ನು ಸವರಿಕೊಂಡು ಈಚೆ ಬಂತು.

"ಹಾಂ! ಈಗ ಬಿಡ್ರಿ, ಸಾವಕಾಶ," ಎಂದು ರೇಣವ್ವ ಗಂಡನಿಗೆ ಹೇಳಿದಳು. ಟೊಂಗೆ ಗೇಣುಗೇಣಾಗಿ ಇಳಿದು, ಕೂಸನ್ನು ತೊಟ್ಟಿಲಿಗೆ ಹಾಕಿದಂತೆ ಹಿತ್ತಲಲ್ಲಿ ಮಲಗಿತು.

ಬಾಜೂ ಮನೆಯ ಶಶಿಧರ ಏಣಿ ಹತ್ತಿ ಹೆಂಚುಗಳ ಮೇಲೆಲ್ಲ ಕಣ್ಣಾಡಿಸಿ, "ಒಂದೂ ಒಡದಿಲ್ರಿ!" ಎಂದು ಕೂಗಿದ. ಸಂಗವ್ವನಿಗೆ ನಗು ತಡೆಯಲಾಗಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಗಂಡನ ಧೋತರ ನೋಡಿ ಇನ್ನಷ್ಟು ನಕ್ಕರು.

"ತಪ್ಪಾತ್ರಿ ಸರ್, ಬಾಯಿಗೆ ಬಂದಂಗ ಅಂದ್ಬಿಟ್ಟೆ," ಎಂದಳು ರೇಣವ್ವ ಮೇಲಿಂದ.

"ಏನ್ ತಪ್ಪು? ಹೇಳೂ ಹಂಗ ಹೇಳಿದಿ, ನಾ ಕೇಳೂ ಹಂಗ ಕೇಳಿದೆ," ಎಂದು ಮಾಸ್ತರರು ಏಳಲು ಸಿದರಾಯನ ಎಡಗೈ ಹಿಡಿದರು. "ಗಿಡದ ಗಾಯಕ್ಕ ಡಾಂಬರ ಹಚ್ಚತೀ ಏನು?"

"ಏನೂ ಬ್ಯಾಡ್ರಿ. ಹಸನಾಗಿ ಕೊಯ್ದರ ಗಿಡಾನ ತನ್ನ ಗಾಯ ಮುಚ್ಚಿಕೊಂತೈತಿ," ಎನ್ನುತ್ತ ಅವಳು ಉಳಿದ ಸೀಳನ್ನು, ಟೊಂಗೆ ಕೂಡುವಲ್ಲಿನ ಕಾಂಡದ ಉಬ್ಬಿಗೆ ಪೆಟ್ಟಾಗದಂತೆ, ನುಣ್ಣಗೆ ಕೊಯ್ದು ತೆಗೆದಳು.

ಶಶಿಧರ ಏಣಿಯ ಮೇಲಿಂದಲೇ ಕೇಳಿದ, "ನಮ್ಮ ಮಾವಿನ ಗಿಡಾನೂ ನೋಡಬೇಕಿತ್ತು. ಹತ್ತೂರು ಯಾರ ಬರತಾರ?"

"ಬ್ಯಾರೆ ಯಾರ ಬರತಾರೋ? ರೇಣವ್ವ ಹತ್ತತಾಳ," ಎಂದರು ಮಾಸ್ತರರು, ಅಂಗೈಯ ಕೆಸರು ಒರೆಸಿಕೊಳ್ಳುತ್ತ. "ನೀ ಹಗ್ಗಾ ಹಿಡಿಯಾಕ ತಯಾರಾಗು."

ಸಿದರಾಯ ತಲೆಯೆತ್ತಿ ಹೆಂಡತಿಯನ್ನು ನೋಡುತ್ತಲೇ ನಿಂತಿದ್ದ. ರೇಣವ್ವ ತಕ್ಷಣ ಇಳಿಯಲಿಲ್ಲ. ಕವಲಿನಲ್ಲಿ ಕುಳಿತು ಹೆಲ್ಮೆಟ್ಟು ತೆಗೆದು ಗಾಳಿಗೆ ಮುಖವೊಡ್ಡಿದಳು. ಮೋಡ ಸರಿದು, ಟೊಂಗೆ ಹೋದ ಜಾಗದಿಂದ ಹಿತ್ತಲಿಗೆ ಚಾಪೆಯಗಲ ಬಿಸಿಲು ಬಿತ್ತು. ಸಂಗವ್ವ ಓಡುತ್ತ ಒಳಗೆ ಹೋಗಿ, ನಾಲ್ಕು ದಿನದಿಂದ ಒಣಗದೆ ಉಳಿದಿದ್ದ ಹೊದೆಯುವ ಕೌದಿಯನ್ನು ತಂದು, ಆ ಬಿಸಿಲಲ್ಲಿ ಹರವಿದರು.